ಗಾಯವಾದ ಕೋಳಿಯನ್ನಲ್ಲ, ಕುಕ್ಕುವ ಕೋಳಿಯನ್ನು ಹೊರಗಿಟ್ಟೆ

ಆರು ಹೇಂಟೆಗಳಿದ್ದ ಗೂಡಿಗೆ ಒಂದು ಎಳೆಯ ಕಂದು ಹೇಂಟೆ ತಂದು, ಹಾಡಹಗಲೇ ಬಿಟ್ಟುಬಿಟ್ಟೆ. ಒಂದೆರಡು ದಿನ ಕುಕ್ಕಾಡಿ ಸುಮ್ಮನಾಗುತ್ತವೆ ಅಂದುಕೊಂಡಿದ್ದೆ. ನಾಲ್ಕನೇ ದಿನ ಬೆಳಿಗ್ಗೆ ನೋಡಿದರೆ ಅದು ಮೊಟ್ಟೆ ಡಬ್ಬಿಯ ಮೂಲೆಗೆ ತಲೆ ತೂರಿಸಿಕೊಂಡು ನಿಂತಿದೆ. ಎತ್ತಿಕೊಂಡೆ. ಮೈ ತೀರಾ ಹಗುರ. ಬಾಲದ ಬುಡದಲ್ಲಿ ಪುಕ್ಕವೇ ಇಲ್ಲ, ಬರೀ ಚರ್ಮ, ಅದರ ಮೇಲೆ ಕಾಳಿನಷ್ಟು ರಕ್ತ.

ರಕ್ತದ ಕೆಂಪು ಕಂಡರೆ ಉಳಿದ ಕೋಳಿಗಳೂ ಅಲ್ಲಿಗೇ ಕುಕ್ಕುತ್ತವೆ. ಹಾಗಾಗಿ ಗಾಯ ತೊಳೆದು, ಅದೇ ಅಂಗಳದಲ್ಲಿ ಜಾಲರಿ ಕಟ್ಟಿ ಬೇರೆ ಇಟ್ಟೆ. ಒಂದನ್ನೊಂದು ನೋಡಬಹುದು, ಮುಟ್ಟೋಕಾಗಲ್ಲ. ತರುವಾಗಲೇ ಹೀಗೆ ಮಾಡಬೇಕಿತ್ತು.

ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಅನ್ನೋದಕ್ಕೂ ಮೇಲಿಂದ ಕೆಳಗೆ ಒಂದು ಕ್ರಮ ಇದೆ. ನಾರ್ವೆಯ ಪ್ರಾಣಿಶಾಸ್ತ್ರಜ್ಞ ಷೆಲ್ಡೆರುಪ್-ಎಬ್ಬೆ 1921ರಲ್ಲೇ ಇದನ್ನು ವಿವರಿಸಿದ್ದರು. ನಾನೂ ಎರಡು ಸಂಜೆ ಕಾಳು ಹಾಕಿ, ಯಾವುದು ಯಾವುದನ್ನು ಓಡಿಸುತ್ತದೆ ಅಂತ ಬರೆದುಕೊಂಡೆ. ಎಲ್ಲಕ್ಕೂ ಮೇಲಿದ್ದ ದೊಡ್ಡ ಹೇಂಟೆ ಕತ್ತೆತ್ತಿ ನೋಡಿದರೆ ಸಾಕು, ಉಳಿದವು ಸರಿಯುತ್ತಿದ್ದವು. ಅದು ಕುಕ್ಕಿದ್ದೇ ಕಡಿಮೆ. ಕಾಳು ಬಿಟ್ಟು ಜಾಲರಿಯ ಪಕ್ಕಕ್ಕೆ ಓಡಿ ಬರುತ್ತಿದ್ದದ್ದು ಎರಡನೇ ಸ್ಥಾನದ ಕಪ್ಪು ಹೇಂಟೆ, ಅದೊಂದೇ.

ಎರಡು ವಾರದಲ್ಲಿ ಗಾಯ ಮಾಗಿ ಪುಕ್ಕದ ಮೊಳಕೆ ಬಂತು. ಅವತ್ತು ಕಪ್ಪನ್ನು ಎತ್ತಿ, ಉಳಿದವು ಕಾಣದ ಕಡೆ ಬೇರೆ ಗೂಡಿಗೆ ಹಾಕಿದೆ. ನೀರು, ಕಾಳು, ನೆರಳು ಎಲ್ಲ ಕೊಟ್ಟೆ. ಇದು ಶಿಕ್ಷೆಯಲ್ಲ, ಅಲ್ವಾ. ಕತ್ತಲಾದ ಮೇಲೆ ಕಂದನ್ನು ಮೆಲ್ಲಗೆ ಅಡ್ಡಕೋಲಿನ ಮೇಲೆ ಕೂರಿಸಿದೆ. ಕತ್ತಲಲ್ಲಿ ಕೋಳಿಗಳಿಗೆ ಕಣ್ಣು ಅಷ್ಟಾಗಿ ಕಾಣಲ್ಲ, ಗಲಾಟೆ ಆಗಲಿಲ್ಲ.

ಐದನೇ ದಿನ ಕಪ್ಪನ್ನು ವಾಪಸ್ ಬಿಟ್ಟೆ. ನನಗೆ ಎದೆ ಡವಡವ. ಅದು ನೇರ ಕಾಳಿನ ತಟ್ಟೆಗೆ ಬಂತು. ಮೂರನೇ ಸ್ಥಾನದ್ದು ತಲೆ ಮೇಲೆ ಒಂದು ಕೊಟ್ಟಿತು, ಕಪ್ಪು ಹಿಂದೆ ಸರಿಯಿತು. ತನ್ನ ಜಾಗ ಮತ್ತೆ ಹುಡುಕಿಕೊಳ್ಳೋದರಲ್ಲೇ ಅದರ ದಿನ ಕಳೆಯಿತು, ಕಂದಿನ ಕಡೆ ನೋಡಲೂ ಇಲ್ಲ.

ಜಾಗದ ತಪ್ಪೂ ನನ್ನದೇ. ಒಂದೇ ತಟ್ಟೆ ಇತ್ತು. ಈಗ ಎರಡು, ಒಂದರ ಹತ್ತಿರ ನಿಂತರೆ ಇನ್ನೊಂದು ಕಾಣದ ಹಾಗೆ. ನಡುವೆ ಒಂದು ಹಲಗೆ ಒರಗಿಸಿದ್ದೇನೆ, ಎರಡೂ ಬದಿ ಖಾಲಿ. ಓಡಿ ಬಂದ ಕೋಳಿ ಮೂಲೆಗೆ ಸಿಕ್ಕಿಬೀಳಬಾರದು. ಅಡ್ಡಕೋಲಿನಲ್ಲಿ ಒಂದಕ್ಕೆ ಸುಮಾರು 25 ಸೆಂಟಿಮೀಟರ್ ಜಾಗ ಸಿಗುವಂತೆ ಇನ್ನೊಂದು ಕೋಲು ಹಾಕಿದೆ.

ಕಂದು ಈಗಲೂ ಕೊನೆಯಲ್ಲೇ ಇದೆ. ದೊಡ್ಡದು ಬಂದರೆ ದಾರಿ ಬಿಡುತ್ತದೆ, ಹಲಗೆ ಸುತ್ತಿ ಇನ್ನೊಂದು ತಟ್ಟೆಗೆ ಹೋಗಿ ಹೊಟ್ಟೆ ತುಂಬ ತಿನ್ನುತ್ತದೆ.