ಹಳ್ಳಿ ಮನೆಯ ಗೇಟಿಗೆ ನಾನೇ ಮೋಟಾರು ಕೂರಿಸಿದ ಅನುಭವ

ನಮ್ಮ ಗೇಟು ರಸ್ತೆ ಪಕ್ಕದಲ್ಲಿದೆ. ಮನೆ ಅಲ್ಲಿಂದ 120 ಮೀಟರ್ ಒಳಗೆ. ಎರಡು ಬಾಗಿಲಿನ ಕಬ್ಬಿಣದ ಗೇಟು, ಒಂದೊಂದು ಬಾಗಿಲು 2 ಮೀಟರ್ ಅಗಲ, ತೂಕ ಹತ್ತಿರ ಹತ್ತಿರ 100 ಕೆಜಿ. ಗಾಡಿ ನಿಲ್ಲಿಸಿ ಇಳಿಯಬೇಕು, ಗೇಟು ತೆಗೆಯಬೇಕು, ಗಾಡಿ ಒಳಗೆ ತಂದು ಮತ್ತೆ ಇಳಿದು ಹೋಗಿ ಹಾಕಬೇಕು. ಮಳೆಯಲ್ಲಿ, ರಾತ್ರಿ ಹೊತ್ತಲ್ಲಿ ಇದು ಸಾಕುಸಾಕಾಗುತ್ತದೆ. ಹೋಗಲಿ ಅಂತ ತೆರೆದೇ ಬಿಟ್ಟರೆ ದನಕರು ಒಳಗೆ ನುಗ್ಗುತ್ತವೆ. ಹಾಗಾಗಿ ರಿಮೋಟಿನಲ್ಲಿ ತೆರೆಯುವ ಮೋಟಾರು ಕೂರಿಸಿದೆ. ವೆಲ್ಡಿಂಗ್ ಒಂದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ನನ್ನ ಕೈಯಾರೆ ಮಾಡಿದ್ದು.

ಈ ಕೆಲಸಕ್ಕೆ ಹೊರಡುವವರು ಸಾಮಾನ್ಯವಾಗಿ ಮೊದಲು ಮೋಟಾರು ಯಾವುದು ಅಂತ ಕೇಳುತ್ತಾರೆ. ನಾನು ಕಂಬದಿಂದ ಶುರು ಮಾಡಿದೆ. ಯಾಕೆಂದರೆ ಮೋಟಾರು ಮಾಡುವುದು ನಮ್ಮ ಕೈ ಮಾಡುತ್ತಿದ್ದ ಕೆಲಸವನ್ನೇ. ಕೈಯಿಂದ ತಳ್ಳುವಾಗ ಗೇಟು ಎಲ್ಲಿ ಬಿಗಿ ಹಿಡಿಯುತ್ತದೋ ಅಲ್ಲೇ ಮೋಟಾರಿಗೂ ಕಷ್ಟ. ಬಿಗಿ ಬಂದಲ್ಲಿ ನಮ್ಮ ಕೈ ತಾನಾಗಿ ಗೇಟನ್ನು ಸ್ವಲ್ಪ ಎತ್ತಿ ತಳ್ಳುತ್ತದೆ. ಮೋಟಾರಿಗೆ ಅದು ಗೊತ್ತಾಗುವುದಿಲ್ಲ, ಬಲ ಹಾಕಿ ಎಳೆಯುತ್ತಲೇ ಇರುತ್ತದೆ. ಕೊನೆಗೆ ಗೇರೋ ಬ್ರಾಕೆಟ್ಟೋ ಹೋಗುತ್ತದೆ.

ಕಂಬದ ಮೇಲೆ ಬೀಳುವ ಬಲ ಎಷ್ಟು ಅಂತ ಲೆಕ್ಕ ಹಾಕಿ ನೋಡಿ. 100 ಕೆಜಿ ಬಾಗಿಲು, 2 ಮೀಟರ್ ಅಗಲ ಅಂದರೆ ಅದರ ಭಾರವೆಲ್ಲ ಕಂಬದಿಂದ 1 ಮೀಟರ್ ಆಚೆ ನಿಂತ ಹಾಗೆ. ಮೇಲಿನ ಕೀಲು ಮತ್ತು ಕೆಳಗಿನ ಕೀಲಿನ ಮಧ್ಯೆ 1 ಮೀಟರ್ ಅಂತರ ಇದ್ದರೆ, ಮೇಲಿನ ಕೀಲು ಕಂಬವನ್ನು 100 ಕೆಜಿಯಷ್ಟು ಬಲದಿಂದ ಹಗಲೂ ರಾತ್ರಿ ಎಳೆಯುತ್ತಿರುತ್ತದೆ. ಗೇಟು ತೆರೆದಾಗ ಈ ಎಳೆತದ ದಿಕ್ಕು ಕಾಲು ಸುತ್ತು ತಿರುಗುತ್ತದೆ. ಕಂಬ ಒಂಚೂರು ಅಲ್ಲಾಡಿದರೂ ಮುಚ್ಚಿದಾಗ ಸರಿ ಇದ್ದ ಗೇಟು ತೆರೆದಾಗ ನೆಲಕ್ಕೆ ತಾಗುತ್ತದೆ. ನಮ್ಮ ಹಳೇ ಕಂಬಗಳನ್ನು ಕಿತ್ತು, 90 ಸೆಂಟಿಮೀಟರ್ ಗುಂಡಿ ತೋಡಿ, ದಪ್ಪ ಚೌಕ ಪೈಪು ನಿಲ್ಲಿಸಿ ಕಾಂಕ್ರೀಟ್ ತುಂಬಿದೆ. ತೂಗುಗುಂಡು ಕಟ್ಟಿ ಎರಡು ಕಡೆಯಿಂದ ನೋಡಿ ನೇರ ಮಾಡಿದ್ದಾಯಿತು. ಕಾಂಕ್ರೀಟ್ ಚೆನ್ನಾಗಿ ಬಲಿಯುವ ತನಕ ಬಾಗಿಲು ನೇತುಹಾಕಲಿಲ್ಲ.

ಕೀಲು ಕೂರಿಸಿ ಗ್ರೀಸ್ ಹಾಕಿದ ಮೇಲೆ ಎರಡು ಪರೀಕ್ಷೆ. ಒಂದು, ಬಾಗಿಲನ್ನು ಎಲ್ಲಿ ಬಿಟ್ಟರೂ ಅಲ್ಲೇ ನಿಲ್ಲಬೇಕು. ತಾನಾಗೇ ತೆರೆದುಕೊಂಡರೆ ಅಥವಾ ಮುಚ್ಚಿಕೊಂಡರೆ ಕಂಬ ವಾಲಿದೆ, ಇಲ್ಲವೇ ಎರಡು ಕೀಲು ಒಂದೇ ನೇರದಲ್ಲಿಲ್ಲ ಅಂತ ಅರ್ಥ. ಎರಡು, ಬಾಗಿಲ ತುದಿಗೆ ಕೊಕ್ಕೆ ತಕ್ಕಡಿ ಸಿಕ್ಕಿಸಿ ನಿಧಾನವಾಗಿ ಎಳೆಯಬೇಕು. ನಮ್ಮದರಲ್ಲಿ ಮುಳ್ಳು 2 ಕೆಜಿ ದಾಟಲಿಲ್ಲ, ಈ ತುದಿಯಿಂದ ಆ ತುದಿಯ ತನಕ ಒಂದೇ ಸಮ ಇತ್ತು. ಈ ತಕ್ಕಡಿಯನ್ನು ಎಲ್ಲರೂ ಇಟ್ಟುಕೊಳ್ಳಿ, ಮುಂದೆಯೂ ಬೇಕಾಗುತ್ತದೆ.

ಗೇಟಿಗೆ ತಗಡು ಹೊಡೆಸಬೇಕೋ ಸರಳು ಸಾಕೋ ಅನ್ನುವ ಪ್ರಶ್ನೆಯೂ ಇಲ್ಲೇ ತೀರ್ಮಾನ ಆಗಬೇಕು. ಬಯಲಲ್ಲಿ ಗಾಳಿಗೆ ಅಡ್ಡ ಏನೂ ಇರುವುದಿಲ್ಲ. ಗಂಟೆಗೆ 54 ಕಿಲೋಮೀಟರ್ ವೇಗದ ಗಾಳಿ 2 ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರದ ತಗಡಿಗೆ ಬಡಿದರೆ 40 ಕೆಜಿಗಿಂತ ಜಾಸ್ತಿ ಬಲ ಬೀಳುತ್ತದೆ. 2 ಕೆಜಿಗೆ ಕದಲುವ ಬಾಗಿಲಿಗೆ ಇದು ಎಷ್ಟು ದೊಡ್ಡದು ನೋಡಿ. ಅಷ್ಟನ್ನೂ ತಡೆಯಬೇಕಾದದ್ದು ಮೋಟಾರಿನ ತೋಳು. ನಾನು ಸರಳಿನ ಗೇಟನ್ನೇ ಉಳಿಸಿಕೊಂಡೆ.

ಮೋಟಾರಿನಲ್ಲಿ ಮುಖ್ಯವಾಗಿ ಎರಡು ಬಗೆ. ಪಕ್ಕಕ್ಕೆ ಜಾರುವ ಗೇಟಿಗೆ ನೆಲದಲ್ಲಿ ಕೂರುವ ಮೋಟಾರು, ಹಲ್ಲಿನ ಪಟ್ಟಿ. ಬಾಗಿಲಿನ ಹಾಗೆ ತೆರೆಯುವ ಗೇಟಿಗೆ ಕಂಬದಿಂದ ಬಾಗಿಲಿಗೆ ಹೋಗುವ ತೋಳು. ಒಳಗಡೆ ಏರು ಇದ್ದರೆ ಬಾಗಿಲು ನೆಲಕ್ಕೆ ತಾಗುತ್ತದೆ, ಅಂಥ ಕಡೆ ಜಾರುವ ಗೇಟೇ ವಾಸಿ. ನಮ್ಮದು ಸಮತಟ್ಟು ಜಾಗ, ಹಾಗಾಗಿ 24 ವೋಲ್ಟಿನ ಎರಡು ತೋಳು ತಂದೆ. ಉದ್ದಕ್ಕೆ ಚಾಚಿ ಒಳಗೆಳೆದುಕೊಳ್ಳುವ ರಾಡು ಇರುವಂಥದ್ದು. ಗೇಟು ಒಳಕ್ಕೇ ತೆರೆಯುತ್ತದೆ. ರಸ್ತೆ ಕಡೆಗೆ ತೆರೆಯುವ ಗೇಟಿಗೆ ಮೋಟಾರು ಹಾಕಲೇಬೇಡಿ, ಬೈಕಿನಲ್ಲಿ ಬರುವವರಿಗೆ ಗೊತ್ತೇ ಆಗುವುದಿಲ್ಲ.

ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಹೊತ್ತು ಕೂತಿದ್ದು ಕಂಬದ ಬ್ರಾಕೆಟ್ಟಿನ ಅಳತೆಗೆ. ತೋಳಿನ ಹಿಂದಿನ ಪಿನ್ನು ಕೀಲಿನಿಂದ ಪಕ್ಕಕ್ಕೆ ಎಷ್ಟು ದೂರ ಇರಬೇಕು, ಒಳಕ್ಕೆ ಎಷ್ಟು ದೂರ ಇರಬೇಕು ಅನ್ನುವುದೇ ಇಲ್ಲಿನ ಗುಟ್ಟು. ಕೈಪಿಡಿಗಳಲ್ಲಿ ಇವಕ್ಕೆ ಕ್ರಮವಾಗಿ ಎ ಮತ್ತು ಬಿ ಅಂತ ಹೆಸರು. ಎರಡನ್ನೂ ಕೂಡಿದರೆ ಬರುವ ಉದ್ದ, ಬಾಗಿಲು 90 ಡಿಗ್ರಿ ತೆರೆಯಲು ರಾಡು ಓಡಬೇಕಾದ ಉದ್ದಕ್ಕೆ ಹೆಚ್ಚುಕಮ್ಮಿ ಸಮ. ನಮ್ಮ ರಾಡಿನ ಓಟ 40 ಸೆಂಟಿಮೀಟರ್. ನಾನು ಎ 17, ಬಿ 17 ಇಟ್ಟೆ. ಕೂಡಿದರೆ 34. ಎರಡೂ ತುದಿಯಲ್ಲಿ ಸ್ವಲ್ಪ ಸ್ವಲ್ಪ ಓಟ ಮಿಗುತ್ತದೆ. ರಾಡು ಪೂರ್ತಿ ಮುಗಿದು ಒಳಗೆ ಬಡಿಯಬಾರದು.

ಎರಡನ್ನೂ ಯಾಕೆ ಸಮ ಇಟ್ಟೆ ಅಂದರೆ, ಬಿ ಕಮ್ಮಿಯಾದರೆ ಮುಚ್ಚಿದ ಗೇಟನ್ನು ಕದಲಿಸುವಾಗ ತೋಳಿಗೆ ಮೀಟುಬಲ ಸಿಗುವುದಿಲ್ಲ. ಎ ಕಮ್ಮಿಯಾದರೆ ತೆರೆದ ಗೇಟನ್ನು ಹಿಂದಕ್ಕೆ ತರುವಾಗ ಅದೇ ಪಾಡು. ಸಮ ಇದ್ದರೆ ಬಾಗಿಲು ಒಂದೇ ಹದದಲ್ಲಿ ಹೋಗುತ್ತದೆ. ಕಂಬ ತುಂಬ ದಪ್ಪ ಇದ್ದು ಕೀಲು ಹೊರಮುಖಕ್ಕೆ ಇದ್ದರೆ ಬಿ ಸಿಕ್ಕಾಪಟ್ಟೆ ಜಾಸ್ತಿಯಾಗುತ್ತದೆ. ಆಗ ಕಂಬವನ್ನೇ ಸ್ವಲ್ಪ ಕೊರೆದು ಜಾಗ ಮಾಡಬೇಕಾಗುತ್ತದೆ.

ಅಳತೆ ಕಾಗದದ ಮೇಲೆ ಬಂತು ಅಂತ ನೇರ ವೆಲ್ಡಿಂಗಿಗೆ ಹೋಗಬೇಡಿ. ಎರಡೂ ಬ್ರಾಕೆಟ್ಟುಗಳನ್ನು ಸಿ ಕ್ಲಾಂಪಿನಲ್ಲಿ ಹಿಡಿಸಿ, ತೋಳನ್ನು ಪಿನ್ನಿಗೆ ಹಾಕಿ, ಕೀಲಿ ತಿರುಗಿಸಿ ಮೋಟಾರಿನ ಹಿಡಿತ ಬಿಡಿಸಿದೆ. ಆಮೇಲೆ ಬಾಗಿಲನ್ನು ಕೈಯಿಂದ ನಿಧಾನಕ್ಕೆ ತೆರೆದು ಮುಚ್ಚಿದೆ. ತೋಳಿನ ಮೇಲೆ ರಸಮಟ್ಟ ಇಟ್ಟು, ಬಾಗಿಲು ಸಾಗುವಾಗ ಗುಳ್ಳೆ ಎಲ್ಲಿಗೆ ಹೋಗುತ್ತದೆ ನೋಡಿದೆ. ಬಾಗಿಲ ಕಡೆಯ ಬ್ರಾಕೆಟ್ಟು ಒಂದು ಸೆಂಟಿಮೀಟರ್ ಕೆಳಗಿದ್ದರೂ ಪಿನ್ನು ಒಂದು ಕಡೆ ಒತ್ತಿಕೊಂಡು ಕಿರ್ ಅನ್ನುತ್ತದೆ. ಗುಳ್ಳೆ ನಡುವಲ್ಲೇ ನಿಂತ ಮೇಲೆ ಗುರುತು ಹಾಕಿ, ತೋಳು ಪೂರ್ತಿ ಬಿಚ್ಚಿ ಪಕ್ಕಕ್ಕಿಟ್ಟು ವೆಲ್ಡಿಂಗ್ ಮಾಡಿಸಿದೆ. ಮೋಟಾರು, ಅದನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡು, ಬ್ಯಾಟರಿ ಸಿಕ್ಕಿಸಿಕೊಂಡೇ ವೆಲ್ಡಿಂಗ್ ಮಾಡಿದರೆ ಆ ಕರೆಂಟು ಬೋರ್ಡಿನ ಮೂಲಕ ಹಾದು ಅದನ್ನು ಸುಡಬಹುದು. ಬಾಗಿಲ ಬ್ರಾಕೆಟ್ಟು ಅಡ್ಡ ಪಟ್ಟಿಗೇ ಬರಬೇಕು. ತೆಳು ತಗಡಿಗೋ ಸರಳಿಗೋ ಬೆಸೆದರೆ ಕ್ರಮೇಣ ಬಾಗುತ್ತದೆ. ಮುಚ್ಚಿದಾಗ, ತೆರೆದಾಗ ಬಾಗಿಲು ಬಂದು ನಿಲ್ಲಲು ನೆಲದಲ್ಲಿ ಗಟ್ಟಿ ತಡೆ ಬೇಕೇ ಬೇಕು.

ಈಗ ಕರೆಂಟಿನ ವಿಷಯ. ಹಳ್ಳಿ ಮನೆಗಳಿಗೆ ನಿಜವಾದ ತಲೆನೋವು ಇದೇ. ಮನೆಯಿಂದ 24 ವೋಲ್ಟ್ ತಂದರೆ ಆಗಲ್ವಾ ಅಂತ ತುಂಬ ಜನ ಕೇಳುತ್ತಾರೆ. 2.5 ಚದರ ಮಿಲಿಮೀಟರ್ ತಾಮ್ರದ ತಂತಿ 120 ಮೀಟರ್ ಹೋಗಿ 120 ಮೀಟರ್ ವಾಪಸ್ ಬಂದರೆ ಅದರ ರೋಧ ಸುಮಾರು 1.7 ಓಮ್. ಎರಡು ಮೋಟಾರು ಸೇರಿ 5 ಆಂಪಿಯರ್ ಎಳೆದರೆ ದಾರಿಯಲ್ಲೇ 8 ವೋಲ್ಟಿಗಿಂತ ಜಾಸ್ತಿ ಹೋಯಿತು. ಗೇಟಿಗೆ ತಲುಪುವುದು 16 ವೋಲ್ಟಿನೊಳಗೆ. ಅದರಲ್ಲಿ ಮೋಟಾರು ಸರಿಯಾಗಿ ಓಡುವುದಿಲ್ಲ, ಬೋರ್ಡೂ ಆಫ್ ಆಗಬಹುದು. ಅದೇ ತಂತಿಯಲ್ಲಿ 230 ವೋಲ್ಟ್ ತಂದು ಗೇಟಿನ ಹತ್ತಿರ ಇಳಿಸಿದರೆ ನಷ್ಟ ಒಂದು ವೋಲ್ಟಿನ ಆಸುಪಾಸು. ಆದರೆ ಅದಕ್ಕೆ ಇಡೀ ದಾರಿ ಅಗೆದು ಪೈಪು ಹೂಳಬೇಕು, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬೇಕು. ಹತ್ತಿರದಲ್ಲಿ ಸಿಡಿಲು ಬಿದ್ದರೆ ಅಷ್ಟುದ್ದ ತಂತಿ ಆ ಹೊಡೆತವನ್ನು ನೇರ ಬೋರ್ಡಿಗೆ ತಂದು ಸುರಿಯುತ್ತದೆ. ನಾನು ಸೋಲಾರ್ ಆರಿಸಿಕೊಂಡೆ.

ಸೋಲಾರಿನಲ್ಲಿ ಎಷ್ಟು ದೊಡ್ಡ ಪ್ಯಾನೆಲ್ ಬೇಕು? ಗೇಟು ದಿನಕ್ಕೆ ಎಷ್ಟು ಸಲ ತೆರೆಯುತ್ತದೆ ಅಂತ ಲೆಕ್ಕ ಹಾಕುವುದು ರೂಢಿ. ನಾನು ಮಲ್ಟಿಮೀಟರನ್ನು ಬ್ಯಾಟರಿ ತಂತಿಯ ಮಧ್ಯೆ ಸೇರಿಸಿ, ಗೇಟು ಸುಮ್ನೆ ನಿಂತಿರುವಾಗ ಎಷ್ಟು ಎಳೆಯುತ್ತದೆ ನೋಡಿದೆ. 40 ಮಿಲಿಆಂಪಿಯರ್. ರಿಮೋಟಿನ ಸಂಕೇತಕ್ಕೆ ಕಾಯುವ ರಿಸೀವರ್, ಗೇಟಿಗೆ ಅಡ್ಡ ಯಾರಾದರೂ ಬಂದರೆ ಬೆಳಕಿನ ಕಿರಣದಿಂದ ಕಂಡುಹಿಡಿಯುವ, ಯಾವಾಗಲೂ ಉರಿಯುವ ಫೋಟೋಸೆಲ್, ಎಲ್ಲ ಸೇರಿ. ಕಮ್ಮಿ ಅನ್ನಿಸುತ್ತದೆ ಅಲ್ವಾ? 24 ಗಂಟೆಗೆ ಅದು ಹತ್ತಿರ ಹತ್ತಿರ 1 ಆಂಪಿಯರ್-ಅವರ್, ಅಂದರೆ 1 ಆಂಪಿಯರ್‌ನಂತೆ ಒಂದು ಗಂಟೆ ಎಳೆದಷ್ಟು. ಗೇಟು ಒಮ್ಮೆ ತೆರೆದು ಮುಚ್ಚಲು 5 ಆಂಪಿಯರ್‌ನಲ್ಲಿ 40 ಸೆಕೆಂಡ್ ಅಂದರೆ 0.055 ಮಾತ್ರ. ದಿನಕ್ಕೆ ಹತ್ತು ಸಲ ಓಡಾಡಿದರೂ 0.55. ಅಂದರೆ ಓಡುವ ಗೇಟಿಗಿಂತ ಕಾಯುವ ಗೇಟೇ ಜಾಸ್ತಿ ತಿನ್ನುತ್ತದೆ. ಹಾಗಾಗಿ ಬೋರ್ಡು ಕೊಳ್ಳುವಾಗ ಸುಮ್ನಿದ್ದಾಗ ಎಷ್ಟು ಎಳೆಯುತ್ತದೆ ಅಂತ ಕೇಳಿ. ಫೋಟೋಸೆಲ್ಲನ್ನು ಗೇಟು ಚಲಿಸುವಾಗ ಮಾತ್ರ ಉರಿಸುವ ಸೌಲಭ್ಯ ಇದ್ದರೆ ಇನ್ನೂ ಒಳ್ಳೆಯದು.

ದಿನಕ್ಕೆ ಒಂದೂವರೆ ಆಂಪಿಯರ್-ಅವರ್ ಅಂತ ಹಿಡಿದು, ಐದು ದಿನ ಮೋಡ ಕವಿದರೂ ನಡೆಯಬೇಕು ಅಂತ ಲೆಕ್ಕ ಹಾಕಿದರೆ 7.5. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಮತ್ತೆ ಮತ್ತೆ ಇಳಿಸಿದರೆ ಅದರ ಆಯಸ್ಸು ಬೇಗ ಮುಗಿಯುತ್ತದೆ. ಅದಕ್ಕೇ 12 ವೋಲ್ಟ್, 18 ಆಂಪಿಯರ್-ಅವರ್‌ನ ಎರಡು ಬ್ಯಾಟರಿ ಸರಣಿಯಲ್ಲಿ ಜೋಡಿಸಿದೆ. 20 ವ್ಯಾಟಿನ ಎರಡು ಪ್ಯಾನೆಲ್, ಬ್ಯಾಟರಿಗೆ ಹದವಾಗಿ ಚಾರ್ಜ್ ಹೋಗುವ ಹಾಗೆ ನೋಡಿಕೊಳ್ಳುವ ಒಂದು ಚಾರ್ಜ್ ಕಂಟ್ರೋಲರ್. ಪ್ಯಾನೆಲ್ ಕಂಬ ಮರದ ನೆರಳಿನಿಂದ ದೂರ ಇರಲಿ. ಒಂದು ಕೊಂಬೆಯ ನೆರಳು ಪ್ಯಾನೆಲ್ಲಿನ ಮೂಲೆಗೆ ಬಿದ್ದರೂ ಚಾರ್ಜ್ ಧಡಕ್ಕನೆ ಇಳಿಯುತ್ತದೆ.

ಬೋರ್ಡಿನ ಡಬ್ಬಿಗೆ ತಂತಿಗಳೆಲ್ಲ ಕೆಳಗಿನಿಂದಲೇ ಹೋಗಬೇಕು, ಒಳಗೆ ಹೋಗುವ ಮುಂಚೆ ಒಂದು ಬಳುಕು ಕೊಟ್ಟರೆ ಮಳೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಪೈಪಿನ ಬಾಯಿಯನ್ನು ಸಿಲಿಕೋನ್ ಹಾಕಿ ಮುಚ್ಚಿ. ಇರುವೆಗೆ ಬೆಚ್ಚಗಿನ ಡಬ್ಬಿ ಅಂದರೆ ಬಲು ಇಷ್ಟ, ಬೋರ್ಡಿನ ರಿಲೇ (ಮೋಟಾರಿಗೆ ಕರೆಂಟು ಬಿಡುವ ಸ್ವಿಚ್ಚು) ಸುತ್ತ ಗೂಡು ಕಟ್ಟುತ್ತದೆ. ಹಲ್ಲಿಯೂ ಬಂದು ಸೇರುತ್ತದೆ. ಗೇಟಿನ ಬುಡದಲ್ಲೇ ಅರ್ತಿಂಗ್ ರಾಡು ಹೊಡೆದು ಬಾಗಿಲು, ಕಂಬ, ಸಿಡಿಲಿನಂಥ ಹೊಡೆತದಿಂದ ಬೋರ್ಡನ್ನು ಕಾಯುವ ಸರ್ಜ್ ಪ್ರೊಟೆಕ್ಟರ್ ಎಲ್ಲವನ್ನೂ ಅದಕ್ಕೆ ಸೇರಿಸಿದ್ದೇನೆ. ರಿಮೋಟು ಹತ್ತಿರ ಬಂದರಷ್ಟೇ ಕೆಲಸ ಮಾಡುತ್ತಿದ್ದರೆ ಆಂಟೆನಾ ನೋಡಿ. 433 ಮೆಗಾಹರ್ಟ್ಸ್ ರಿಸೀವರಿಗೆ ಬೇಕಾದ್ದು 17 ಸೆಂಟಿಮೀಟರ್ ಉದ್ದದ ಒಂದು ತಂತಿ, ಆದರೆ ಅದು ಕಬ್ಬಿಣದ ಡಬ್ಬಿಯ ಹೊರಗೆ ನೇರವಾಗಿ ನಿಂತಿರಬೇಕು. ಪ್ರತಿ ಸಲ ಕೋಡು ಬದಲಾಗುವ ರೋಲಿಂಗ್ ಕೋಡಿನ ರಿಮೋಟೇ ತಗೊಳ್ಳಿ. ಪ್ರತಿ ಸಲ ಒಂದೇ ಕೋಡು ಕಳಿಸುವ ರಿಮೋಟನ್ನು ನಕಲು ಮಾಡುವುದು ಸುಲಭ.

ಸುರಕ್ಷತೆಯಲ್ಲಿ ಮಾತ್ರ ಯಾವ ರಾಜಿಯೂ ಬೇಡ. ಮಕ್ಕಳು ಗೇಟಿಗೆ ಜೋತುಬೀಳುತ್ತಾರೆ, ಕರು ಅಡ್ಡ ನಿಲ್ಲುತ್ತದೆ. ಎರಡು ಜೊತೆ ಫೋಟೋಸೆಲ್ ಹಾಕಿದೆ, ಒಂದು 50 ಸೆಂಟಿಮೀಟರ್ ಎತ್ತರದಲ್ಲಿ, ಇನ್ನೊಂದು 20ರಲ್ಲಿ. ಮೇಲಿನದೊಂದೇ ಇದ್ದರೆ ನಾಯಿಮರಿ ಕಾಣುವುದಿಲ್ಲ. ಬೆಳಗಿನ, ಸಂಜೆಯ ಓರೆ ಬಿಸಿಲು ರಿಸೀವರ್ ಕಣ್ಣಿಗೆ ನೇರ ಬೀಳದ ಹಾಗೆ ಕೂರಿಸಬೇಕು. ತಂತಿಯನ್ನು ನಾರ್ಮಲಿ ಕ್ಲೋಸ್ಡ್ ಆಗಿ, ಅಂದರೆ ಅಡ್ಡ ಏನೂ ಇಲ್ಲದಾಗ ಸರ್ಕ್ಯೂಟ್ ಕೂಡಿಕೊಂಡೇ ಇರುವ ಹಾಗೆ ಜೋಡಿಸಬೇಕು. ಆಗ ಇಲಿ ತಂತಿ ಕಡಿದರೆ ಗೇಟು ಮುಚ್ಚುವುದನ್ನೇ ನಿಲ್ಲಿಸುತ್ತದೆ. ನಾನು ಒಂದು ತಂತಿ ಕಿತ್ತು ರಿಮೋಟು ಒತ್ತಿ ಇದನ್ನು ಖಾತ್ರಿ ಮಾಡಿಕೊಂಡೆ.

ಅಡ್ಡ ಸಿಕ್ಕಾಗ ಹಿಂದಕ್ಕೆ ಹೋಗುವ ಬಲದ ಮಿತಿಯನ್ನು ಬೋರ್ಡಿನಲ್ಲಿ ಹೊಂದಿಸಬಹುದು. ಇಎನ್ 12453 ಅನ್ನುವ ಯುರೋಪಿನ ಮಾನದಂಡದ ಪ್ರಕಾರ, ಇನ್ನೇನು ಮುಚ್ಚಿಕೊಳ್ಳಲಿರುವ ಕಿರಿದಾದ ಸಂದಿಯಲ್ಲಿ ತಾಗಿದ ಕ್ಷಣದ ಬಲ 400 ನ್ಯೂಟನ್ (ಸುಮಾರು 40 ಕೆಜಿ ಭಾರದಷ್ಟು) ದಾಟಬಾರದು, ಮುಕ್ಕಾಲು ಸೆಕೆಂಡಿನೊಳಗೆ ಅದು 150ಕ್ಕೆ ಇಳಿಯಬೇಕು. ಇದನ್ನು ಸರಿಯಾಗಿ ಅಳೆಯಲು ಬೇರೆಯೇ ಉಪಕರಣ ಇದೆ. ಮನೆಯಲ್ಲಿ ನಾನು ಮಾಡುವುದು ಇಷ್ಟು: ಬಲವನ್ನು ಅತಿ ಕಡಿಮೆಗೆ ಇಳಿಸಿ, ಗೇಟು ಪೂರ್ತಿ ಸಾಗುವಷ್ಟು ಮಾತ್ರ ಏರಿಸಿ, ಬಾಗಿಲ ತುದಿಯನ್ನು ಕೊಕ್ಕೆ ತಕ್ಕಡಿಯಿಂದ ಹಿಡಿದು ತಡೆಯುವುದು. ಎಷ್ಟು ಕೆಜಿಗೆ ಹಿಂದಕ್ಕೆ ತಿರುಗಿತು ಅಂತ ಡಬ್ಬಿಯ ಮುಚ್ಚಳದ ಒಳಗೆ ಬರೆದಿಡುತ್ತೇನೆ. ಕಂಬ, ಕೀಲು ಸರಿ ಇದ್ದ ಗೇಟಿಗೆ ಈ ಬಲ ತುಂಬ ಕಮ್ಮಿ ಇಟ್ಟರೂ ಸಾಕಾಗುತ್ತದೆ. ಬಿಗಿ ಗೇಟಿಗೆ ಬಲ ಏರಿಸಲೇಬೇಕು, ಆಗ ಅದು ಮಗುವನ್ನೂ ಅಷ್ಟೇ ಬಲದಿಂದ ಒತ್ತುತ್ತದೆ. ಕೀಲಿನ ಕಡೆಯ ಸಂದಿಯಲ್ಲಿ ಬೆರಳು ಸಿಗದ ಹಾಗೆ ರಬ್ಬರ್ ಪಟ್ಟಿ ಹಾಕಿದ್ದೇನೆ. ನಡೆದು ಬರುವವರಿಗೆ ಪಕ್ಕದಲ್ಲಿ ಬೇರೆ ಚಿಕ್ಕ ಗೇಟಿದೆ.

ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ತೋಳು ಬಿಚ್ಚಿ, ತಕ್ಕಡಿ ಹಾಕಿ ಬಾಗಿಲನ್ನು ಎಳೆದು ನೋಡುತ್ತೇನೆ. ಮುಳ್ಳು ಮೊದಲಿಗಿಂತ ಮೇಲೆ ಹೋದರೆ ಕೀಲಿಗೆ ಗ್ರೀಸ್. ಅದರಿಂದಲೂ ಇಳಿಯದಿದ್ದರೆ ಕಂಬಕ್ಕೆ ತೂಗುಗುಂಡು ಹಿಡಿಯುತ್ತೇನೆ. ಮೋಟಾರಿನ ಹಿಡಿತ ಬಿಡಿಸುವ ಕೀಲಿ ಒಂದು ಮನೆಯಲ್ಲಿದೆ, ಇನ್ನೊಂದು ಗೇಟಿನ ಹೊರಗೆ ಬೀಗದ ಚಿಕ್ಕ ಪೆಟ್ಟಿಗೆಯಲ್ಲಿ. ಬ್ಯಾಟರಿ ಖಾಲಿಯಾದ ಹೊತ್ತಿಗೆ ಆಂಬುಲೆನ್ಸೋ ಅಗ್ನಿಶಾಮಕ ಗಾಡಿಯೋ ಬಂದು ನಿಂತರೆ ಯಾರಾದರೂ ಓಡಿ ಹೋಗಿ ತೆಗೆಯಬೇಕಲ್ಲ. ಅದಕ್ಕೇ ಮನೆಯಲ್ಲಿ ಪ್ರತಿಯೊಬ್ಬರ ಕೈಯಲ್ಲೂ ಆ ಕೀಲಿ ಕೊಟ್ಟು, ಕತ್ತಲಲ್ಲಿ ಟಾರ್ಚ್ ಹಿಡಿದು ಗೇಟು ಬಿಡಿಸಿ ತೋರಿಸಿ ಅಂತ ಮಾಡಿಸಿದ್ದೇನೆ.