ಮೊದಲ ಸಲ ಕೌನ್ಸೆಲಿಂಗ್‌ಗೆ ಹೋಗುವ ಮುನ್ನ

ಕೌನ್ಸೆಲಿಂಗ್ ಬೇಕು ಎಂದು ಮನಸ್ಸು ಮಾಡಿದ ಮೇಲೂ ಎಷ್ಟೋ ಜನ ತಿಂಗಳುಗಟ್ಟಲೆ ತಡಮಾಡುತ್ತಾರೆ. ಅಲ್ಲಿ ಕೂತು ಏನು ಹೇಳಬೇಕೆಂದು ತೋಚದಿರುವುದೇ ಬಹಳ ಸಲ ಅಡ್ಡಿ.

ಮೊದಲು ಯಾರ ಹತ್ತಿರ ಹೋಗಬೇಕೆಂದು ನೋಡಿ. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದವರು, ಮಾತ್ರೆ ಬೇಕಾದರೆ ಬರೆದುಕೊಡುವವರು. ಮಾತ್ರೆಯಿಲ್ಲದೆ, ಮಾತುಕತೆಯ ಮೂಲಕ ಚಿಕಿತ್ಸೆ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ನಾಲ್ಕು ವಾರದ ಕೋರ್ಸ್ ಮಾಡಿದವರೂ ಕೌನ್ಸೆಲರ್ ಎಂದು ಬೋರ್ಡ್ ಹಾಕಿಕೊಳ್ಳುತ್ತಾರೆ. ಏನು ಓದಿದ್ದೀರಿ, ಎಲ್ಲಿ ತರಬೇತಿ ಪಡೆದಿರಿ ಎಂದು ಕೇಳುವುದು ಮರ್ಯಾದೆಗೆಟ್ಟ ಕೆಲಸವೇನಲ್ಲ. ದುಡ್ಡಿನ ಚಿಂತೆಯಿದ್ದರೆ ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗ, ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಂಥ ಸರ್ಕಾರಿ ಮಾನಸಿಕ ಆಸ್ಪತ್ರೆಗಳು ಇವೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬರುತ್ತಿದ್ದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಈಗಲೇ ಆ ನಂಬರಿಗೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಹೋಗಿ.

ಹೋಗುವ ಹಿಂದಿನ ದಿನ ಒಂದು ಚೀಟಿ ಬರೆದಿಟ್ಟುಕೊಳ್ಳಿ. 'ಮನಸ್ಸು ಸರಿಯಿಲ್ಲ' ಎಂದರೆ ಎದುರಿಗಿದ್ದವರಿಗೆ ಹಿಡಿತ ಸಿಗುವುದಿಲ್ಲ. 'ಮೂರು ವಾರದಿಂದ ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುತ್ತದೆ, ಆಫೀಸಿನ ಫೋನ್ ಬಂದರೆ ಎದೆ ಡವಗುಟ್ಟುತ್ತದೆ, ಊಟ ಸೇರುವುದಿಲ್ಲ' ಎಂದು ಬರೆದರೆ ಅರ್ಧ ಕೆಲಸ ಆಯಿತು. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರನ್ನೂ ಸೇರಿಸಿ. ಥೈರಾಯ್ಡ್ ತೊಂದರೆಯಿಂದಲೂ ಮನಸ್ಸು ಕುಗ್ಗಬಹುದು, ಹಾಗಾಗಿ ರಕ್ತಪರೀಕ್ಷೆಯ ರಿಪೋರ್ಟ್ ಇದ್ದರೆ ಒಯ್ಯಿರಿ.

ಒಂದು ಸೆಷನ್ ಸಾಮಾನ್ಯವಾಗಿ 45ರಿಂದ 60 ನಿಮಿಷ. ಮೊದಲನೆಯದರಲ್ಲಿ ಬಹುಪಾಲು ಹೊತ್ತು ಪ್ರಶ್ನೆಗಳಿಗೇ ಹೋಗುತ್ತದೆ: ನಿದ್ದೆ, ಮನೆ, ಕೆಲಸ, ಕುಡಿತ, ಹಿಂದಿನ ಚಿಕಿತ್ಸೆ. ಅಂದೇ ಪರಿಹಾರ ಸಿಗಲೆಂದು ಕಾದವರು ಸಪ್ಪೆ ಮುಖದಲ್ಲಿ ಹೊರಬರುತ್ತಾರೆ. ಮುಚ್ಚಿಟ್ಟದ್ದನ್ನು ಹೇಳಿಕೊಂಡ ದಿನ ಸಂಜೆ ಮನಸ್ಸು ಇನ್ನಷ್ಟು ಭಾರವಾಗುವುದೂ ಉಂಟು. ಆ ಸಂಜೆ ಬೇರೆ ದೊಡ್ಡ ಕೆಲಸ ಇಟ್ಟುಕೊಳ್ಳಬೇಡಿ. ಜೊತೆಗೆ ಬಂದ ಅಮ್ಮನೋ ಅಣ್ಣನೋ ನಿಮ್ಮ ಪರವಾಗಿ ಉತ್ತರಿಸತೊಡಗಿದರೆ ಕೆಲಸ ಕೆಡುತ್ತದೆ, ಅವರು ಹೊರಗೇ ಕೂತಿರಲಿ. ಆನ್‌ಲೈನ್ ಆದರೆ ಇಯರ್‌ಫೋನ್ ಹಾಕಿಕೊಂಡು ಬಾಗಿಲು ಹಾಕಿ. ಮನೆಯಲ್ಲಿ ಜಾಗ ಸಿಗದೆ ನಿಲ್ಲಿಸಿದ ಕಾರಿನೊಳಗೆ ಕೂತು ಮಾತಾಡುವವರೂ ಇದ್ದಾರೆ.

ಹೇಳಿದ್ದು ಗುಟ್ಟಾಗಿ ಉಳಿಯಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಜೀವಕ್ಕೆ ಅಪಾಯ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ, ನ್ಯಾಯಾಲಯದ ಆದೇಶ ಇಂಥ ಕಡೆ ವಿನಾಯಿತಿ ಇದೆ. ಇದನ್ನು ಮೊದಲ ದಿನವೇ ಬಾಯಿಬಿಟ್ಟು ಕೇಳಿ.

ಮುಂದಿನ ವಾರದಿಂದ ನಿಮಗೆ ಹೋಂವರ್ಕ್ ಕೊಡಬಹುದು. ಹಾಳೆಯಲ್ಲಿ ಮೂರು ಕಾಲಂ: ಏನಾಯಿತು, ಆಗ ಬಂದ ಯೋಚನೆ, ಸಂಕಟ ನೂರಕ್ಕೆ ಎಷ್ಟು. ಅವತ್ತಿನದನ್ನು ಅವತ್ತೇ ಬರೆಯಿರಿ. ಸೆಷನ್ನಿಗೆ ಹೋಗುವ ಬಸ್ಸಿನಲ್ಲಿ ಕೂತು ವಾರದ್ದೆಲ್ಲ ತುಂಬಿಸಿದರೆ ಅದರಲ್ಲಿ ಹುರುಳಿರುವುದಿಲ್ಲ.

ನಾಲ್ಕನೇ ಸೆಷನ್ ಮುಗಿದರೂ ಯಾವುದರ ಮೇಲೆ ಕೆಲಸ ನಡೆದಿದೆ ಎಂಬುದೇ ಸ್ಪಷ್ಟವಾಗದಿದ್ದರೆ ನೇರವಾಗಿ ಕೇಳಿ. ನಡುವೆ ಫೋನ್ ಎತ್ತುತ್ತ, ಜಾತಿ ಕೆದಕುತ್ತ, ಬರೀ ಬುದ್ಧಿವಾದ ಹೇಳುವವರಾದರೆ ಬೇರೆಯವರನ್ನು ಹುಡುಕಿ. ಬಿಡುವಾಗ ಹೇಳದೆ ಕೇಳದೆ ನಿಲ್ಲಿಸುವ ಬದಲು ಈವರೆಗೆ ಏನು ನಡೆಯಿತೆಂದು ಸಣ್ಣ ಟಿಪ್ಪಣಿ ಬರೆಸಿಕೊಳ್ಳಿ. ಹೊಸಬರ ಮುಂದೆ ಎಲ್ಲವನ್ನೂ ಮೊದಲಿನಿಂದ ಹೇಳುವ ಕಷ್ಟ ಕಡಿಮೆಯಾಗುತ್ತದೆ.