ತೈಲದ ಬಾಟಲಿಯನ್ನು ತೂಗಿದ ಸಮೀಕ್ಷೆ: ನನ್ನ ಅನುಭವ

ಮಂಗನ ಕಾಯಿಲೆಯ ಬಗ್ಗೆ ಮಲೆನಾಡಿನವರಿಗೆ ತಿಳಿವಳಿಕೆ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ, ಉಣುಗು ಕಚ್ಚಿ ಹರಡುವ ರೋಗ ಇದು. ಇಂದು ಕೊಪ್ಪ, ನರಸಿಂಹರಾಜಪುರದ ಕಡೆ ಯಾವ ಜಗಲಿಯಲ್ಲಿ ಕುಳಿತು ಕೇಳಿದರೂ ಉಣುಗು, ಸತ್ತ ಮಂಗ, ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಡೆಪಾ ತೈಲ ಮೂರನ್ನೂ ಹೇಳುತ್ತಾರೆ. ಈ ಕಾಯಿಲೆಯ ಬಗ್ಗೆ ಮನೆ ಮನೆಗೆ ಹೋಗಿ ನಾವು ಮಾಡಿದ ಸಮೀಕ್ಷೆಯ ಮೊದಲ ಸುತ್ತಿನ ಪ್ರಶ್ನಾವಳಿ ಕೆಲಸಕ್ಕೆ ಬಾರದೆ ಹೋದದ್ದೂ ಅದಕ್ಕೇ. ‘ಕಾಡಿಗೆ ಹೋಗುವ ಮುನ್ನ ತೈಲ ಹಚ್ಚಿಕೊಳ್ಳುತ್ತೀರಾ ಅಮ್ಮಾ?’ ಎಂದರೆ ಹತ್ತು ಮನೆಗಳಲ್ಲಿ ಒಂಬತ್ತು ಮನೆಯವರು ‘ಹೌದು’ ಎಂದರು. ಅಷ್ಟು ಜನ ನಿಜಕ್ಕೂ ಹಚ್ಚಿಕೊಂಡಿದ್ದರೆ 2024ರ ಬೇಸಿಗೆ ನಮ್ಮ ಚಿಕ್ಕಮಗಳೂರು ಜಿಲ್ಲೆಗೆ ಅಷ್ಟು ಕಠಿಣವಾಗುತ್ತಿರಲಿಲ್ಲ.

ಹಣವೂ ಆ ಸುತ್ತಿನಲ್ಲೇ ಹೆಚ್ಚು ಸುರಿಯಿತು. 30 ಕ್ಲಸ್ಟರ್ (ಆರಿಸಿದ ಊರು ಅಥವಾ ಮನೆಗಳ ಗುಂಪು), ತಲಾ 7 ಮನೆ ಎಂಬ ಸಮೀಕ್ಷೆಯ ಲೆಕ್ಕ ಬಯಲುಸೀಮೆಯ ಊರಿಗೆ ಸರಿ. ಇಲ್ಲಿ ಏಳು ಮನೆ ಮುಟ್ಟಲು ಎರಡು ಗುಡ್ಡ ಹತ್ತಿ ಒಂದು ಹಳ್ಳ ದಾಟಬೇಕು. ಜೀಪಿಗೆ ದಿನಕ್ಕೆ ಎರಡೂವರೆ ಸಾವಿರದ ಆಸುಪಾಸು. ತುಂಬಿದ ನಮೂನೆಯೊಂದಕ್ಕೆ ಇಷ್ಟು ಎಂದು ಕೂಲಿ ಗೊತ್ತು ಮಾಡಿಕೊಂಡ ಸಮೀಕ್ಷೆಯ ಹುಡುಗರು ರಸ್ತೆ ಬದಿಯ ಮನೆಗಳನ್ನೇ ಮುಗಿಸಿದರು; ನಮಗೆ ಮುಖ್ಯವಾಗಿ ಬೇಕಿದ್ದ ಕಾಡಂಚಿನ ಒಂಟಿ ಮನೆಗಳು ಉಳಿದೇ ಹೋದವು. ಎರಡನೆಯ ಸುತ್ತಿಗೆ ದಿನಗೂಲಿ ಮಾಡಿದೆ, ಐನೂರೋ ಐನೂರೈವತ್ತೋ ರೂಪಾಯಿ, ಊಟ ಬೇರೆ. ದೂರವಾಣಿಯಲ್ಲೇ ಕೇಳಿ ಮುಗಿಸಿ ಎಂದು ಸಲಹೆ ಕೊಟ್ಟವರಿದ್ದರು. ಕರೆಗೆ ಸಿಗುವವರೆಲ್ಲ ಪೇಟೆಗೆ ಹತ್ತಿರದವರು. ದರಗು, ಅಂದರೆ ಒಣಗಿ ಬಿದ್ದ ಎಲೆ, ಗುಡಿಸಲು ಕಾಡಿಗೆ ಇಳಿಯುವವರ ಮನೆಯಲ್ಲಿ ಸಿಗ್ನಲ್ ಇರುವುದಿಲ್ಲ.

ಆಗ ಹೊಳೆದದ್ದು ಬಾಟಲಿ. ಹಚ್ಚಿಕೊಳ್ಳುತ್ತೀರಾ ಎಂದು ಕೇಳುವುದನ್ನು ಬಿಟ್ಟು, ಬಾಟಲಿ ತೋರಿಸಿ ಎಂದು ಕೇಳಿದೆವು. ಮೊದಲು ತೈಲದ ಮಟ್ಟಕ್ಕೆ ಮಾರ್ಕರ್‌ನಲ್ಲಿ ಗೆರೆ ಎಳೆದೆವು. ಎಣ್ಣೆಗೈ ತಾಗಿ ಗೆರೆ ಅಳಿಸಿತು. ಚೀಟಿ ಅಂಟಿಸಿದೆವು, ಅಂಟು ಬಿಟ್ಟುಕೊಂಡಿತು. ಕೊನೆಗೆ ಆರೇಳು ನೂರು ರೂಪಾಯಿಯ ಸಣ್ಣ ಡಿಜಿಟಲ್ ತಕ್ಕಡಿ ಕೊಂಡು, ಮನೆಯವರ ಒಪ್ಪಿಗೆ ಪಡೆದು, ಬಾಟಲಿಯನ್ನೇ ತೂಗಿ ಬರೆದುಕೊಂಡೆವು. ಸುಮಾರು ಹತ್ತು ದಿನ ಬಿಟ್ಟು ಮತ್ತೆ ಹೋಗಿ ತೂಗಿದೆವು. ಬಾಟಲಿ ಕೇಳುವ ಮುನ್ನ ಕೇಳುವ ಎರಡು ಪ್ರಶ್ನೆಗಳಿವೆ. ಮನೆಯವರು ಮುಜುಗರವಿಲ್ಲದೆ ಎದ್ದು ಹೋಗಿ ಅದನ್ನು ತರುವುದು ಅವುಗಳಿಂದಲೇ. ಅವನ್ನು ಇಲ್ಲಿ ಬರೆಯುವುದಿಲ್ಲ.

ಇದು ಸಮೀಕ್ಷೆಯೇ ಅಲ್ಲ ಎಂದು ಕೆಲವರು ಹೇಳಿದರು. ತೈಲ ಚೆಲ್ಲಿರಬಹುದು, ದನಕ್ಕೆ ಬಳಿದಿರಬಹುದು, ಯಾರು ಹಚ್ಚಿಕೊಂಡರೆಂದು ಹೇಗೆ ಹೇಳುತ್ತೀರಿ ಎಂಬ ಪ್ರಶ್ನೆ ಬಂತು. ತೂಕ ಇಳಿದರೆ ಹಚ್ಚಿಕೊಂಡರೆಂದು ನಾನು ಹೇಳುವುದಿಲ್ಲ. ಇಳಿಯದಿದ್ದರೆ ಆ ಬಾಟಲಿಯಿಂದ ಯಾರೂ ಹಚ್ಚಿಕೊಂಡಿಲ್ಲ ಎಂದು ಖಚಿತವಾಗಿ ಹೇಳುತ್ತೇನೆ. ‘ಹೌದು’ ಎಂದ ಮನೆಗಳಲ್ಲಿ ಅರ್ಧಕ್ಕೂ ಹೆಚ್ಚು ಬಾಟಲಿಗಳು ಒಂದು ಗ್ರಾಮೂ ಇಳಿದಿರಲಿಲ್ಲ. ಕೆಲವುಗಳ ಮುಚ್ಚಳದ ಸೀಲ್ ಕೂಡ ಒಡೆದಿರಲಿಲ್ಲ. ಅದೇ ಮನೆಗಳ ಕೊಟ್ಟಿಗೆಯ ಹಿಂದೆ ಹೊಸ ದರಗಿನ ರಾಶಿ ಬಿದ್ದಿತ್ತು. ಅಂಕಿಗಳನ್ನು ಮುಂದಿಟ್ಟ ಮೇಲೆ ತಕರಾರು ತಾನಾಗಿ ನಿಂತಿತು. ಈಗ ಬೇರೆ ತಾಲ್ಲೂಕಿನವರೂ ತಕ್ಕಡಿಯ ಬಗ್ಗೆ ವಿಚಾರಿಸುತ್ತಿದ್ದಾರೆ.

ಏಕೆ ಹಚ್ಚಿಕೊಳ್ಳುವುದಿಲ್ಲ ಎಂಬುದು ಇನ್ನೂ ಮುಖ್ಯ. ಬಾಟಲಿ ಕೈಯಲ್ಲಿರುವಾಗ ಜನ ನೇರವಾಗಿ ಮಾತನಾಡುತ್ತಾರೆ. ಬೆವರಿಗೆ ಅಂಟಂಟಾಗುತ್ತದೆ ಎಂದವರು ಹಲವರು. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರರ ಉತ್ತರ ನನ್ನ ಕಣ್ಣು ತೆರೆಸಿತು: ಅಂಗೈ, ಅಂಗಾಲಿಗೆ ಎಣ್ಣೆ ತಾಗಿದರೆ ಅಡಿಕೆ ಮರದಿಂದ ಜಾರಿ ಬೀಳುತ್ತೇವೆ. ಕಾಯಿಲೆಯ ಕಾಲ ಡಿಸೆಂಬರ್‌ನಿಂದ ಮೇವರೆಗೆ, ಅಡಿಕೆಯ ಕೊನೆ ಕೊಯ್ಲೂ ಆ ಕಾಲದೊಳಗೆ ಬರುತ್ತದೆ. ಹೀಗಿರುವಾಗ ಅವರನ್ನು ‘ನಿರ್ಲಕ್ಷ್ಯ’ದ ಕಾಲಂಗೆ ಹಾಕುವುದು ಅನ್ಯಾಯ. ಅವರಿಗಾಗಿ ಪ್ರಶ್ನೆಯನ್ನೇ ಬದಲಿಸಿದೆವು: ಮನೆಗೆ ಬಂದ ಕೂಡಲೇ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿದಿರಾ, ಬಟ್ಟೆ ಎಲ್ಲಿ ಕಳಚಿಟ್ಟಿರಿ?

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಸ್ಪಿರಿಟ್ ತುಂಬಿದ ಪುಟ್ಟ ಸೀಸೆಗಳಲ್ಲಿ ಉಣುಗುಗಳನ್ನು ಹಾಕಿ ಜನರ ಮುಂದಿಟ್ಟೆ. ದನದ ಕಿವಿಯಲ್ಲಿ ಊದಿಕೊಂಡಿರುವ ದೊಡ್ಡದನ್ನು ಎಲ್ಲರೂ ಗುರುತಿಸಿದರು. ಮನುಷ್ಯರಿಗೆ ಹೆಚ್ಚಾಗಿ ಕಾಯಿಲೆ ದಾಟಿಸುವ ಸಣ್ಣ ಮರಿಯನ್ನು ಗುರುತಿಸಿದವರು ನಾಲ್ಕರಲ್ಲಿ ಒಬ್ಬರು ಇರಬಹುದು. ಭಿತ್ತಿಚಿತ್ರದಲ್ಲಿ ಉಣುಗನ್ನು ಏಡಿಯಷ್ಟು ದೊಡ್ಡದಾಗಿ ಬರೆದರೆ ಇದೇ ಆಗುವುದು. ಮುಂದಿನ ಸುತ್ತುಗಳಲ್ಲಿ ಸೀಸೆಯನ್ನು ಬಿಡುವುದಿಲ್ಲ.

ತಿಳಿವಳಿಕೆಯ ಕೊರತೆ ನಿಜವಾಗಿ ಕಂಡದ್ದು ಕಾಫಿ ತೋಟಗಳ ಕೂಲಿ ಲೈನುಗಳಲ್ಲಿ, ಅಂದರೆ ಕಾರ್ಮಿಕರ ಸಾಲು ಮನೆಗಳಲ್ಲಿ. ಅಸ್ಸಾಮಿನಿಂದ ಬಂದವರಲ್ಲಿ ನಾವು ಮಾತನಾಡಿಸಿದ ಹೆಚ್ಚಿನವರು ಕಾಯಿಲೆಯ ಹೆಸರನ್ನೇ ಕೇಳಿರಲಿಲ್ಲ. ಕೇಳಿದ್ದ ಕೆಲವರು ಮಂಗ ಕಚ್ಚಿದರೆ ಬರುತ್ತದೆ ಎಂದುಕೊಂಡಿದ್ದರು. ಮೇಸ್ತ್ರಿ ಎದುರಿಗಿದ್ದರೆ ಬಾಯಿಯನ್ನೇ ಬಿಡಲಿಲ್ಲ. ಅವರಲ್ಲೇ ಒಬ್ಬ ಯುವತಿಗೆ ದಿನಗೂಲಿ ಕೊಟ್ಟು ಪ್ರಶ್ನೆಗಳನ್ನು ಅಸ್ಸಾಮಿ ಭಾಷೆಯಲ್ಲಿ ಮೊಬೈಲ್‌ನಲ್ಲಿ ಧ್ವನಿಮುದ್ರಿಸಿಕೊಂಡ ಮೇಲೆ ಉತ್ತರಗಳು ಬಂದವು. ಬರುವ ಡಿಸೆಂಬರ್‌ಗೆ ಮುನ್ನ ಲೈನುಗಳಿಗಾಗಿಯೇ ಒಂದು ಸುತ್ತು ಹೊರಡುತ್ತಿದ್ದೇನೆ. ಅಲ್ಲಿ ತೂಗಲು ಬಾಟಲಿಗಳೇ ಇರಲಿಲ್ಲ. ಈ ಸಲ ಮೊದಲು ತೈಲ ಕೊಡಿಸಿ, ಆಮೇಲೆ ತಕ್ಕಡಿ ಒಯ್ಯುತ್ತೇನೆ.